ಕೆರೆ, ಗದ್ದೆ, ಕೊಟ್ಟಿಗೆ: ಯಾವ ಜೀವಿಗೆ ಶಕ್ತಿ ಎಲ್ಲಿಂದ, ಇಂಗಾಲ ಎಲ್ಲಿಂದ? ಪದೇ ಪದೇ ಕೇಳುವ ಪ್ರಶ್ನೆಗಳು

ಶಕ್ತಿ, ಇಂಗಾಲ ಎರಡನ್ನೂ ಬೇರೆ ಬೇರೆಯಾಗಿ ಯಾಕೆ ಕೇಳಬೇಕು? ಊಟ ಮಾಡಿದರೆ ಎರಡೂ ಒಟ್ಟಿಗೇ ಸಿಗುತ್ತವಲ್ಲ?

ನಮಗೆ ಸಿಗುತ್ತವೆ. ಎಮ್ಮೆಗೆ, ಮೀನಿಗೆ, ಅಣಬೆಗೂ ಸಿಗುತ್ತವೆ. ಒಂದು ರಾಗಿಮುದ್ದೆಯ ಪಿಷ್ಟದಲ್ಲಿ ಒಂದು ಪಾಲು ಉರಿದು ಶಕ್ತಿಯಾಗುತ್ತದೆ, ಇನ್ನೊಂದು ಪಾಲು ಮೈ ಕಟ್ಟಲು ಇಂಗಾಲ ಕೊಡುತ್ತದೆ. ಸೌದೆಯೂ ಅದೇ, ತೊಲೆಯೂ ಅದೇ. ಎರಡೂ ಒಂದೇ ತಟ್ಟೆಯಲ್ಲಿ ಬರುವುದರಿಂದ ಅವೆರಡೂ ಒಂದೇ ಅನ್ನಿಸಿಬಿಡುತ್ತದೆ, ಅಷ್ಟೇ.

ಗದ್ದೆಗೆ ಇಳಿದರೆ ಲೆಕ್ಕ ಬೇರೆಯಾಗುತ್ತದೆ. ಭತ್ತದ ಪೈರಿಗೆ ಶಕ್ತಿ ಬಿಸಿಲಿನಿಂದ, ಇಂಗಾಲ ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ. ಅದೇ ಗದ್ದೆಯ ಮಣ್ಣಿನಲ್ಲಿರುವ ನೈಟ್ರೊಸೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇಂಗಾಲವನ್ನು ಪೈರಿನ ಹಾಗೆಯೇ ಇಂಗಾಲದ ಡೈಆಕ್ಸೈಡ್‌ನಿಂದ ಪಡೆಯುತ್ತದೆ. ಆದರೆ ಅದಕ್ಕೆ ಬಿಸಿಲು ಬೇಡ. ಶಕ್ತಿ ಸಿಗುವುದು ಅಮೋನಿಯಾವನ್ನು ಉರಿಸಿ, ಅಂದರೆ ಆಮ್ಲಜನಕದ ಜೊತೆ ಸೇರಿಸಿ. ಕೆರೆಯಂಚಿನ ಕೆಸರಿನಲ್ಲಿರುವ ಕೆಲವು ನೇರಳೆ ಬ್ಯಾಕ್ಟೀರಿಯಾಗಳದ್ದು ಇದಕ್ಕೆ ತದ್ವಿರುದ್ಧ: ಶಕ್ತಿ ಬೆಳಕಿನಿಂದ, ಇಂಗಾಲ ಕೊಳೆತ ವಸ್ತುಗಳ ಆಮ್ಲಗಳಿಂದ.

ಶಾಲೆಯಲ್ಲಿ ಕಲಿತ ಸ್ವಪೋಷಕ, ಪರಪೋಷಕ ಎಂಬ ಮಾತುಗಳು ಇಂಗಾಲದ ಮೂಲವನ್ನಷ್ಟೇ ಹೇಳುತ್ತವೆ. ಇಂಗಾಲದ ಡೈಆಕ್ಸೈಡ್‌ನಿಂದಲೇ ಮೈ ಕಟ್ಟಿಕೊಂಡರೆ ಸ್ವಪೋಷಕ, ಬೇರೆಯವರು ಕಟ್ಟಿದ್ದನ್ನು ತೆಗೆದುಕೊಂಡರೆ ಪರಪೋಷಕ. ಶಕ್ತಿಯ ಮೂಲ ಬೆಳಕಾದರೆ ಆ ಪದದ ಮೊದಲಿಗೆ ‘ದ್ಯುತಿ’ ಸೇರಿಸಿ, ರಾಸಾಯನಿಕ ಕ್ರಿಯೆಯಾದರೆ ‘ರಾಸಾಯನಿಕ’ ಸೇರಿಸಿ. ಎರಡು ಪ್ರಶ್ನೆ, ನಾಲ್ಕು ಮನೆ. ಕೆರೆ, ಗದ್ದೆ, ಕೊಟ್ಟಿಗೆಯ ಬಹುತೇಕ ಎಲ್ಲ ಜೀವಿಗಳೂ ಈ ನಾಲ್ಕರಲ್ಲಿ ಒಂದಕ್ಕೆ ಸೇರುತ್ತವೆ.

ಗೊಬ್ಬರ ಹಾಕಿದರೆ ಗಿಡ ಬೆಳೆಯುತ್ತದೆ. ಹಾಗಾದರೆ ಗಿಡದ ಊಟ ಮಣ್ಣಿನಿಂದಲೇ ಅಲ್ಲವೇ?

ಅಲ್ಲ. ಈ ಅನುಮಾನಕ್ಕೆ ಮೊದಲ ಪೆಟ್ಟು ಕೊಟ್ಟವನು ಬ್ರಸೆಲ್ಸ್‌ನ ವಾನ್ ಹೆಲ್ಮಾಂಟ್. 200 ಪೌಂಡ್ ಒಣಮಣ್ಣಿನಲ್ಲಿ ಒಂದು ವಿಲೋ ಸಸಿ ನೆಟ್ಟು 5 ವರ್ಷ ನೀರುಣಿಸಿದ. ಮರದ ತೂಕ 160 ಪೌಂಡಿಗೂ ಹೆಚ್ಚು ಏರಿತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್. ಈ ಪ್ರಯೋಗದ ವಿವರ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1648ರಲ್ಲಿ. ಮರ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ್ದು ಮಾತ್ರ ತಪ್ಪು. ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಗಾಳಿಯ ಲೆಕ್ಕ ಹೀಗಿದೆ. ಇವತ್ತಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ಶೇ 0.042. ಒಂದು ಘನ ಮೀಟರ್ ಗಾಳಿಯಲ್ಲಿ ಸಿಗುವ ಇಂಗಾಲ ಸುಮಾರು 0.2 ಗ್ರಾಂ. ಒಣಗಿದ ಒಂದು ಕಿಲೋ ರಾಗಿಹುಲ್ಲಿನಲ್ಲಿ ಇಂಗಾಲ 400 ಗ್ರಾಂ ಮೇಲಿರುತ್ತದೆ. ಅಂದರೆ ಒಂದು ಕಿಲೋ ಹುಲ್ಲು ಆಗಬೇಕಾದರೆ 2,000 ಘನ ಮೀಟರ್ ಗಾಳಿಯಲ್ಲಿರುವಷ್ಟು ಇಂಗಾಲ ಬೇಕು. ಹತ್ತು ಶಾಲಾ ಕೊಠಡಿಗಳ ಗಾಳಿ. ಇಷ್ಟು ತೆಳುವಾಗಿ ಹರಡಿದ್ದನ್ನು ಎಲೆ ತನ್ನ ಪತ್ರರಂಧ್ರಗಳಿಂದ ಹೆಕ್ಕುತ್ತದೆ. ರಂಧ್ರ ತೆರೆದಾಗಲೆಲ್ಲ ನೀರು ಆವಿಯಾಗುತ್ತದೆ. ಬರದಲ್ಲಿ ಬೆಳೆ ಸೊರಗುವುದಕ್ಕೆ ಇದೊಂದು ದೊಡ್ಡ ಕಾರಣ: ನೀರು ಉಳಿಸಲು ಬಾಗಿಲು ಹಾಕಿಕೊಂಡ ಎಲೆಗೆ ಇಂಗಾಲವೂ ಸಿಗುವುದಿಲ್ಲ.

ಮಣ್ಣಿನಿಂದ ಬಂದದ್ದು ಎಷ್ಟು ಎಂದು ನೋಡಬೇಕೇ? ಒಣಸೌದೆ ಸುಟ್ಟು ಬೂದಿ ತೂಗಿ. 100 ಕಿಲೋಗೆ ಒಂದೆರಡು ಕಿಲೋ ಬೂದಿ. ಮಣ್ಣಿನಿಂದ ಬಂದು ಹೊಗೆಯಲ್ಲಿ ಹೋದ ಸಾರಜನಕವನ್ನು ಸೇರಿಸಿದರೂ ಲೆಕ್ಕ ಹೆಚ್ಚೇನೂ ಬದಲಾಗದು. ಯೂರಿಯಾ, ಪೊಟ್ಯಾಷ್ ಇವೆಲ್ಲ ಕಾರ್ಖಾನೆಯ ಯಂತ್ರಕ್ಕೆ ಬೇಕಾದ ಬಿಡಿಭಾಗಗಳಿದ್ದಂತೆ. ಅವಿಲ್ಲದೆ ಯಂತ್ರ ನಡೆಯದು, ಆದರೆ ಅವು ಇಂಧನವಲ್ಲ. ಗೊಬ್ಬರದ ಚೀಲದ ಮೇಲೆ ‘ಗಿಡದ ಆಹಾರ’ ಎಂದು ಬರೆಯುವುದು ಮಾರಾಟದ ಭಾಷೆ.

ಇಷ್ಟೊಂದು ಬಿಸಿಲಿದೆ. ಬೆಳೆ ಅದರಲ್ಲಿ ಎಷ್ಟು ಹಿಡಿಯುತ್ತದೆ?

ನಾಚಿಕೆಯಾಗುವಷ್ಟು ಕಡಿಮೆ. ಒಂದು ಚದರ ಮೀಟರ್ ರಾಗಿಹೊಲಕ್ಕೆ ದಿನಕ್ಕೆ ಸರಾಸರಿ 5 ಯೂನಿಟ್ ಬಿಸಿಲು ಬೀಳುತ್ತದೆ ಎಂದುಕೊಳ್ಳಿ. ಕರೆಂಟ್ ಬಿಲ್ಲಿನ ಯೂನಿಟ್ಟೇ. 110 ದಿನಕ್ಕೆ 550 ಯೂನಿಟ್, ಅಂದರೆ 1,980 ಮೆಗಾಜೂಲ್. ಒಳ್ಳೆಯ ಬೆಳೆಯಲ್ಲಿ ಅಷ್ಟು ಜಾಗದಿಂದ 300 ಗ್ರಾಂ ಕಾಳು, 600 ಗ್ರಾಂ ಹುಲ್ಲು. ಕಿಲೋಗೆ 17 ಮೆಗಾಜೂಲ್‌ನಂತೆ ಸುಮಾರು 15 ಮೆಗಾಜೂಲ್. ಶೇ 0.8ಕ್ಕೂ ಕಡಿಮೆ!

ಉಳಿದದ್ದು ಎಲ್ಲಿ ಹೋಯಿತು? ಬಿಸಿಲಿನ ಅರ್ಧದಷ್ಟು ಮಾತ್ರ ಪತ್ರಹರಿತ್ತಿಗೆ ಉಪಯೋಗವಾಗುವ ಬೆಳಕು. ಮೊದಲ ತಿಂಗಳು ಸಸಿಗಳ ನಡುವೆ ಬರಿ ನೆಲವೇ ಹೆಚ್ಚು. ಮಧ್ಯಾಹ್ನ ಬರುವಷ್ಟು ಬೆಳಕನ್ನು ಎಲೆ ಪೂರಾ ಬಳಸಲಾರದು. ಹಿಡಿದದ್ದರಲ್ಲೂ ಒಂದು ದೊಡ್ಡ ಪಾಲನ್ನು ಗಿಡವೇ ರಾತ್ರಿ ಹಗಲು ಉಸಿರಾಡಿ ಕಳೆಯುತ್ತದೆ. ಬೇರು ಈ ಲೆಕ್ಕದಲ್ಲಿಲ್ಲ. ಸೇರಿಸಿದರೆ ಅಂಕಿ ಸ್ವಲ್ಪ ಏರುತ್ತದೆ.

ರಾಗಿ, ಜೋಳಕ್ಕೂ ಭತ್ತಕ್ಕೂ ಇಂಗಾಲ ಹಿಡಿಯುವುದರಲ್ಲಿ ವ್ಯತ್ಯಾಸವಿದೆಯೇ?

ಇದೆ. ಇಂಗಾಲದ ಡೈಆಕ್ಸೈಡ್ ಹಿಡಿಯುವ ರುಬಿಸ್ಕೋ ಎಂಬ ಕಿಣ್ವಕ್ಕೆ ಒಂದು ಕೆಟ್ಟ ಚಾಳಿ: ಆಗಾಗ ಅದರ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಬಿಸಿ ಹೆಚ್ಚಿದಷ್ಟೂ ಈ ತಪ್ಪು ಹೆಚ್ಚು. ಭತ್ತ, ತೊಗರಿ, ಹತ್ತಿ ಈ ನಷ್ಟ ಅನುಭವಿಸುತ್ತವೆ. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬು ಇಂಗಾಲದ ಡೈಆಕ್ಸೈಡನ್ನು ಮೊದಲು ಬೇರೊಂದು ಕಿಣ್ವದಿಂದ ಹಿಡಿದು, ಎಲೆಯ ಒಳಕೋಣೆಗಳಲ್ಲಿ ದಟ್ಟವಾಗಿ ತುಂಬಿ, ಆಮೇಲೆ ರುಬಿಸ್ಕೋ ಕೈಗೆ ಕೊಡುತ್ತವೆ. ಬಯಲುಸೀಮೆಯಲ್ಲಿ ಕಡಿಮೆ ನೀರಿಗೆ ಹೆಚ್ಚು ಒಣತೂಕ ಕೊಡುವ ಗುಟ್ಟು ಇದರಲ್ಲಿದೆ.

ಮೂರನೆಯ ದಾರಿ ಪಾಪಸುಕಳ್ಳಿ, ಕತ್ತಾಳೆ, ಅನಾನಸ್, ಕಾಡುಬಸಳೆಯದು. ಅವು ರಂಧ್ರ ತೆರೆಯುವುದು ಹೆಚ್ಚಾಗಿ ರಾತ್ರಿ. ಆಗ ಹಿಡಿದ ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ ಶೇಖರಿಸಿಟ್ಟು ಹಗಲು ಬಿಸಿಲಿನಲ್ಲಿ ಬಳಸುತ್ತವೆ. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ಕಹಿ ಎಂದು ಬರೆದವನು ಬೆಂಜಮಿನ್ ಹೇನ್. ಮದರಾಸಿನ ಕಂಪನಿ ಸರ್ಕಾರದ ಸಸ್ಯಶಾಸ್ತ್ರಜ್ಞ, ಕೆಲಕಾಲ ಬೆಂಗಳೂರಿನ ಲಾಲ್‌ಬಾಗನ್ನೂ ನೋಡಿಕೊಂಡಿದ್ದವನು. ಅದು ಅಚ್ಚಾದದ್ದು 1815ರಲ್ಲಿ. ನೀವು ಜಗಿದು ನೋಡಬೇಡಿ, ಈ ಗಿಡದಲ್ಲಿ ಹೃದಯಕ್ಕೆ ತೊಂದರೆ ಕೊಡುವ ಅಂಶಗಳಿವೆ. ಬೆಳಿಗ್ಗೆ 6ಕ್ಕೆ ಒಂದು ಎಲೆ, ಸಂಜೆ 5ಕ್ಕೆ ಅದೇ ಗಿಡದ ಅದೇ ವಯಸ್ಸಿನ ಇನ್ನೊಂದು ಎಲೆ ಕಿತ್ತು, ತಲಾ 5 ಗ್ರಾಂ ಅರೆದು 10 ಮಿ.ಲೀ. ನೀರಿಗೆ ಹಾಕಿ ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿ (ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು). ನೆರಳಿನಲ್ಲಿ ಬೆಳೆದ, ಚೆನ್ನಾಗಿ ನೀರುಂಡ ಗಿಡವಾದರೆ ವ್ಯತ್ಯಾಸ ಸ್ಪಷ್ಟವಾಗಿ ಕಾಣದು. ಬಿಸಿಲಿನ ಗಿಡ ಆರಿಸಿ, ನಾಲ್ಕು ದಿನ ನೀರು ಕಡಿಮೆ ಮಾಡಿ.

ಆಹಾರ ಸರಪಳಿಯ ಪ್ರತಿ ಮೆಟ್ಟಿಲಿಗೆ ಶೇ 10ರಷ್ಟು ಶಕ್ತಿ ಎನ್ನುತ್ತಾರೆ. ಅದು ನಿಯಮವೇ?

ಅಂದಾಜು. ಅಮೆರಿಕದ ಮಿನೆಸೋಟಾದ ಒಂದು ಪುಟ್ಟ ಕೆರೆಯನ್ನು ಅಳೆದು ರೇಮಂಡ್ ಲಿಂಡೆಮನ್ 1942ರಲ್ಲಿ ಈ ಬಗೆಯ ಲೆಕ್ಕಕ್ಕೆ ದಾರಿ ಹಾಕಿದ. ನಿಜವಾದ ಅಂಕಿ ಸಾಮಾನ್ಯವಾಗಿ ಶೇ 5ರಿಂದ 20ರ ನಡುವೆ ಓಡಾಡುತ್ತದೆ.

ಕೆರೆಗೆ ಮೀನುಮರಿ ಬಿಡುವವರಿಗೆ ಇದು ಬರಿಯ ಪಾಠವಲ್ಲ. ಬೆಳ್ಳಿಗೆಂಡೆ ಪಾಚಿಯನ್ನೇ ಸೋಸಿ ತಿನ್ನುತ್ತದೆ, ಹುಲ್ಲುಗೆಂಡೆ ಜಲಸಸ್ಯ ಮೇಯುತ್ತದೆ. ಇವು ಎರಡನೆಯ ಮೆಟ್ಟಿಲು. ಕಾಟ್ಲಾ ಪಾಚಿ ತಿಂದ ಸೂಕ್ಷ್ಮ ಪ್ರಾಣಿಗಳನ್ನು ತಿನ್ನುತ್ತದೆ. ಕೊರವ ಮೀನು ಮೀನನ್ನೇ ತಿನ್ನುತ್ತದೆ. ಅದೇ ಕೆರೆ, ಅದೇ ಬಿಸಿಲು. ಕೊರವದ ಇಳುವರಿ ಬೆಳ್ಳಿಗೆಂಡೆಯಷ್ಟು ಬರಲು ಸಾಧ್ಯವೇ ಇಲ್ಲ.

‘ಒಂದೂವರೆ ಕಿಲೋ ಮೇವಿನ ಗುಳಿಗೆ ಹಾಕಿದರೆ ಒಂದು ಕಿಲೋ ಮೀನು, ಶೇ 67 ಆಯ್ತಲ್ಲ’ ಎಂದು ವಾದಿಸುವವರಿದ್ದಾರೆ. ಗುಳಿಗೆಯಲ್ಲಿ ನೀರು ಶೇ 10, ಮೀನಿನಲ್ಲಿ ಶೇ 75ಕ್ಕೂ ಹೆಚ್ಚು. ನೀರು ತೆಗೆದು ನೋಡಿ: 1.35 ಕಿಲೋಗೆ ಕಾಲು ಕಿಲೋಗಿಂತ ಕಡಿಮೆ. ಶೇ 18 ಇರಬಹುದು.

ಕಳೆದುಹೋದ ಶಕ್ತಿ ಮತ್ತೆ ಸರಪಳಿಗೆ ಮರಳುವುದಿಲ್ಲ. ಶಾಖವಾಗಿ ಹೋದದ್ದು ಹೋಯಿತು. ಇಂಗಾಲ ಹಾಗಲ್ಲ. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಪಾಚಿ ಅದೇ ದಿನ ಹಿಡಿಯಬಹುದು. ‘ಶಕ್ತಿಚಕ್ರ’ ಎಂದು ಬರೆದ ಉತ್ತರಕ್ಕೆ ಅಂಕ ಕಳೆಯುವುದು ಸರಿಯೇ.

ಕೆರೆ ಹಸಿರಾಗಿದೆ, ಪಾಚಿ ಆಮ್ಲಜನಕ ಬಿಡುತ್ತದೆ. ಆದರೂ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುವುದು ಯಾಕೆ?

ಪಾಚಿ ಹಗಲು ಕೊಟ್ಟು ರಾತ್ರಿ ಕಿತ್ತುಕೊಳ್ಳುತ್ತದೆ. ಬೆಳಕಿಲ್ಲದಾಗ ಅದೂ ಉಸಿರಾಡಿಯೇ ಬದುಕಬೇಕು. 25 ಡಿಗ್ರಿ ನೀರು ಲೀಟರಿಗೆ ಸುಮಾರು 8.3 ಮಿ.ಗ್ರಾಂ ಆಮ್ಲಜನಕ ಕರಗಿಸಿಕೊಳ್ಳುತ್ತದೆ. ಬೆಂಗಳೂರಿನಷ್ಟು ಎತ್ತರದಲ್ಲಿ 7.5ರ ಆಸುಪಾಸು. ದಟ್ಟ ಹಸಿರು ಕೆರೆಯಲ್ಲಿ ಸಂಜೆ 4ಕ್ಕೆ ಅದು 12 ದಾಟಿರಬಹುದು, ಬೆಳಗಿನ 5ಕ್ಕೆ 2ಕ್ಕೆ ಇಳಿದಿರಬಹುದು. ಗೆಂಡೆ ಜಾತಿಯ ಮೀನುಗಳಿಗೆ 3ರ ಕೆಳಗೆ ಕಷ್ಟ. ಸಂಜೆ ಮಾತ್ರ ಅಳೆದು ‘ನೀರು ಚೆನ್ನಾಗಿದೆ’ ಎನ್ನುವುದು ಪದೇ ಪದೇ ಆಗುವ ತಪ್ಪು.

ಇದರ ಮೇಲೆ ಸಗಣಿ, ಉಳಿದ ಗುಳಿಗೆ, ಸತ್ತ ಪಾಚಿ. ಒಂದು ಗ್ರಾಂ ಇಂಗಾಲ ಪೂರ್ತಿ ಉರಿಯಲು 2.67 ಗ್ರಾಂ ಆಮ್ಲಜನಕ ಬೇಕು. ಮೋಡ ಮುಸುಕಿದ ಎರಡು ಮೂರು ದಿನಗಳ ನಂತರದ ರಾತ್ರಿಯೇ ಅಪಾಯದ್ದು: ಹಗಲಿನ ಜಮೆ ಇಲ್ಲ, ರಾತ್ರಿಯ ಖರ್ಚು ಹಾಗೇ ಇದೆ. ಅಂಥ ದಿನ ಮೇವು, ಸಗಣಿ ನಿಲ್ಲಿಸಿ. ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಇದ್ದರೆ ರಾತ್ರಿ 2ರಿಂದ ಸೂರ್ಯ ಚೆನ್ನಾಗಿ ಮೇಲೇರುವವರೆಗೆ ಓಡಿಸಿ. ಇಲ್ಲದಿದ್ದರೆ ಪಂಪ್‌ಸೆಟ್‌ನಿಂದ ಕೆರೆಯ ಮೇಲುನೀರನ್ನೇ ಎತ್ತಿ ಚಿಮ್ಮಿಸಿ. ತಳದ ನೀರು ಎತ್ತಬೇಡಿ, ಅಲ್ಲಿ ಆಮ್ಲಜನಕವಿಲ್ಲದ ಕೆಸರಿರುತ್ತದೆ.

ಕೆರೆಯ ಪಾಚಿ ಎಷ್ಟು ಇಂಗಾಲ ಹಿಡಿಯುತ್ತಿದೆ ಎಂದು ಅಳೆಯಬಹುದೇ?

ಬೆಳಕಿನ ಬಾಟಲಿ, ಕತ್ತಲ ಬಾಟಲಿ ವಿಧಾನ ಇವತ್ತಿಗೂ ಕಾಲೇಜುಗಳಲ್ಲಿ ನಡೆಯುತ್ತದೆ. 300 ಮಿ.ಲೀ.ನ ಬಿಒಡಿ ಬಾಟಲಿ (ನೀರಿನ ಪರೀಕ್ಷೆಗೆ ಬಳಸುವ, ಗಾಳಿಯಾಡದ ಮುಚ್ಚಳದ ಗಾಜಿನ ಬಾಟಲಿ) ಮೂರು ತೆಗೆದುಕೊಳ್ಳಿ. ಒಂದೇ ಆಳದ ನೀರನ್ನು, ಕೊಳವೆಯನ್ನು ತಳಕ್ಕೆ ಮುಟ್ಟಿಸಿ, ಗುಳ್ಳೆ ಏಳದಂತೆ ತುಂಬಿ. ಮೊದಲನೆಯದರ ಆಮ್ಲಜನಕವನ್ನು ಅಲ್ಲೇ ವಿಂಕ್ಲರ್ ದ್ರಾವಣಗಳಿಂದ (ಕರಗಿದ ಆಮ್ಲಜನಕ ಅಳೆಯಲು ಬಳಸುವ ರಾಸಾಯನಿಕಗಳು) ಕಟ್ಟಿಹಾಕಿ. ಎರಡನೆಯದು ಬೆಳಕಿಗೆ. ಮೂರನೆಯದನ್ನು ಕಪ್ಪು ಟೇಪು, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ ಮುಚ್ಚಿ. ಮುಚ್ಚಳ, ಕುತ್ತಿಗೆ ಬಿಡಬೇಡಿ. ಎರಡನ್ನೂ ನೀರು ತೆಗೆದ ಆಳದಲ್ಲೇ 4 ಗಂಟೆ ತೂಗುಬಿಡಿ.

ಲೀಟರಿಗೆ ಮೊದಲನೆಯದರಲ್ಲಿ 6.0, ಬೆಳಕಿನದರಲ್ಲಿ 8.5, ಕತ್ತಲದರಲ್ಲಿ 4.8 ಮಿ.ಗ್ರಾಂ ಬಂತು ಎನ್ನಿ. ಉಸಿರಾಟಕ್ಕೆ ಹೋದದ್ದು 1.2, ನಿವ್ವಳ ಉತ್ಪತ್ತಿ 2.5, ಒಟ್ಟು ಉತ್ಪತ್ತಿ 3.7. ಆಮ್ಲಜನಕವನ್ನು ಇಂಗಾಲವಾಗಿಸಲು 0.375ರಿಂದ ಗುಣಿಸಿ: ಲೀಟರಿಗೆ 1.39 ಮಿ.ಗ್ರಾಂ. ಪಾಚಿ ಸಕ್ಕರೆಯನ್ನಷ್ಟೇ ಅಲ್ಲ, ಪ್ರೋಟೀನು, ಕೊಬ್ಬನ್ನೂ ಮಾಡುವುದರಿಂದ 1.2ರಿಂದ ಭಾಗಿಸುವ ರೂಢಿಯಿದೆ, ಆಗ 1.16.

ಕೆಡುವ ಜಾಗಗಳು: ದಟ್ಟ ಹಸಿರು ನೀರಿನಲ್ಲಿ 4 ಗಂಟೆ ಜಾಸ್ತಿಯಾಗಿ ಬೆಳಕಿನ ಬಾಟಲಿಯಲ್ಲಿ ಗುಳ್ಳೆ ಏಳುತ್ತದೆ, ಆ ಆಮ್ಲಜನಕ ಲೆಕ್ಕಕ್ಕೆ ಸಿಗುವುದಿಲ್ಲ, ಅಲ್ಲಿ 2 ಗಂಟೆ ಸಾಕು. ದಿನವಿಡೀ ಬಿಟ್ಟರೆ ಗಾಜಿನ ಒಳಮೈಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಉಸಿರಾಟ ಹೆಚ್ಚು ತೋರಿಸುತ್ತದೆ. ದಂಡೆಯ ಮೇಲೆ ಬಕೆಟ್ಟಿನಲ್ಲಿಟ್ಟರೆ ನೀರು ಕಾಯುತ್ತದೆ. ವಿಂಕ್ಲರ್ ದ್ರಾವಣ ತಲಾ 2 ಮಿ.ಲೀ. ಹಾಕಿದ್ದರೆ ಟೈಟ್ರೇಶನ್‌ಗೆ (ಹನಿಹನಿಯಾಗಿ ದ್ರಾವಣ ಬಿಟ್ಟು ಅಳೆಯುವುದಕ್ಕೆ) 203 ಮಿ.ಲೀ. ತೆಗೆದುಕೊಳ್ಳಿ, 200 ಅಲ್ಲ. ದ್ರಾವಣ ಹೊರತಳ್ಳಿದ ನೀರಿನ ಲೆಕ್ಕ ಅದು.

ಬಿಸಿಲೂ ಬೇಡ, ಅನ್ನವೂ ಬೇಡ ಎನ್ನುವ ಜೀವಿಗಳು ನಿಜವಾಗಿ ಇವೆಯೇ?

ನಿಮ್ಮ ಹೊಲದಲ್ಲೇ ಇವೆ. ಹಾಕಿದ ಯೂರಿಯಾ ಮೊದಲು ಅಮೋನಿಯಾ ಆಗುತ್ತದೆ. ನೈಟ್ರೊಸೊಮೊನಾಸ್‌ನಂಥವು ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಬ್ಯಾಕ್ಟರ್‌ನಂಥವು ನೈಟ್ರೇಟ್ ಮಾಡುತ್ತವೆ. ಗಿಡಕ್ಕೆ ಉಪಕಾರ ಮಾಡಲು ಅಲ್ಲ. ಅದೇ ಅವುಗಳ ಒಲೆ. ಗಂಧಕದಿಂದ ಬದುಕುವ ಬ್ಯಾಕ್ಟೀರಿಯಾಗಳನ್ನು ನೋಡುತ್ತಾ 1880ರ ದಶಕದಲ್ಲಿ ಈ ಬದುಕಿನ ಬಗೆಯನ್ನು ಕಂಡುಹಿಡಿದವನು ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ.

ಈ ಒಲೆಯ ಉರಿ ಬಹಳ ಸಣ್ಣದು. ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ಇವಕ್ಕೆ ಅನೇಕ ಗಂಟೆಗಳಿಂದ ದಿನವೇ ಬೇಕು. ಹೊಸ ಅಕ್ವೇರಿಯಂ ಹದಕ್ಕೆ ಬರಲು 4ರಿಂದ 6 ವಾರ ಬೇಕಾಗುವುದು ಇದಕ್ಕೇ. ಅಮೋನಿಯಾದಲ್ಲಿರುವ ಒಂದು ಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು 4.57 ಗ್ರಾಂ ಆಮ್ಲಜನಕ ಹೋಗುತ್ತದೆ, ನೀರಿನ ಕ್ಷಾರತೆ (ಹುಳಿಯನ್ನು ತಡೆದುಕೊಳ್ಳುವ ಶಕ್ತಿ) 7 ಗ್ರಾಂನಷ್ಟು ಕರಗುತ್ತದೆ. ಫಿಲ್ಟರ್ ಸರಿಯಿದ್ದೂ ಅಮೋನಿಯಾ ಏರುತ್ತಿದ್ದರೆ ಮೊದಲು ಪಿಎಚ್ ನೋಡಿ. ಕ್ಷಾರತೆ ಮುಗಿದು 6ರ ಹತ್ತಿರ ಬಂದಿದ್ದರೆ ಇವು ಕೆಲಸ ನಿಲ್ಲಿಸಿರುತ್ತವೆ. ಅಡುಗೆ ಸೋಡಾ ಸ್ವಲ್ಪಸ್ವಲ್ಪವೇ ಹಾಕಿ ಏರಿಸಿ, ಒಮ್ಮೆಲೇ ಬೇಡ. ಪಿಎಚ್ ಏರಿದಷ್ಟೂ ಅಮೋನಿಯಾ ಮೀನಿಗೆ ವಿಷವಾಗುತ್ತದೆ.

1977ರಲ್ಲಿ ಗ್ಯಾಲಪಗೋಸ್ ಬಳಿ ಸುಮಾರು 2,500 ಮೀಟರ್ ಆಳದ ಬಿಸಿನೀರ ಬುಗ್ಗೆಗಳ ಸುತ್ತ ಬಾಯಿಯೂ ಕರುಳೂ ಇಲ್ಲದ ದೈತ್ಯ ಕೊಳವೆಹುಳುಗಳು ಸಿಕ್ಕವು. ಮೈಯೊಳಗಿನ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಉರಿಸಿ ಅವನ್ನು ಸಾಕುತ್ತವೆ. ‘ಸೂರ್ಯನ ಹಂಗೇ ಇಲ್ಲದ ಲೋಕ’ ಎಂದು ಇದನ್ನು ಬಣ್ಣಿಸುತ್ತಾರೆ. ಅದು ಅರ್ಧಸತ್ಯ. ಸಲ್ಫೈಡ್ ಉರಿಸಲು ಬೇಕಾದ ಆಮ್ಲಜನಕ ಬಂದದ್ದು ಮೇಲಿನ ಬಿಸಿಲಿನ ದ್ಯುತಿಸಂಶ್ಲೇಷಣೆಯಿಂದಲೇ.

ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಗಾಳಿಯೇ ಇಲ್ಲ. ಅಲ್ಲಿ ಯಾರು, ಏನು ತಿನ್ನುತ್ತಾರೆ? ಗ್ಯಾಸ್ ಬಂದರೂ ಉರಿಯದಿರುವುದು ಯಾಕೆ?

ಮೊದಲ ಗುಂಪು ನಾರು, ಪಿಷ್ಟವನ್ನು ಒಡೆದು ಆಮ್ಲಗಳನ್ನು ಮಾಡುತ್ತದೆ. ಎರಡನೆಯದು ಅವನ್ನು ಅಸಿಟಿಕ್ ಆಮ್ಲ, ಹೈಡ್ರೋಜನ್ ಮಾಡುತ್ತದೆ. ಕೊನೆಯದು ಮೀಥೇನ್‌ಜನಕ ಆರ್ಕಿಯಾಗಳು, ಬ್ಯಾಕ್ಟೀರಿಯಾದಂತೆ ಕಾಣುವ ಬೇರೆಯೇ ಕುಲದ ಏಕಕೋಶ ಜೀವಿಗಳು: ಕೆಲವು ಅಸಿಟಿಕ್ ಆಮ್ಲವನ್ನು ಸೀಳುತ್ತವೆ, ಕೆಲವು ಹೈಡ್ರೋಜನ್‌ನಿಂದ ಶಕ್ತಿ ಪಡೆದು ಇಂಗಾಲದ ಡೈಆಕ್ಸೈಡನ್ನೇ ಮೀಥೇನ್ ಮಾಡುತ್ತವೆ. ಸಗಣಿಯ ಶಕ್ತಿಯಲ್ಲಿ ಇವಕ್ಕೆ ಸಿಗುವುದು ಚೂರೇ ಚೂರು. ಒಡೆದುಹೋದ ಪದಾರ್ಥದ ಶಕ್ತಿಯ ಸಿಂಹಪಾಲು ಮೀಥೇನ್‌ನಲ್ಲೇ ಉಳಿಯುತ್ತದೆ, ಅದಕ್ಕೇ ನಮ್ಮ ಒಲೆ ಉರಿಯುತ್ತದೆ. ನೀರು ನಿಂತ ಗದ್ದೆಯಲ್ಲೂ, ಆಕಳ ಮೊದಲ ಹೊಟ್ಟೆಯಲ್ಲೂ ಹೆಚ್ಚುಕಡಿಮೆ ಇದೇ ಸಾಲು.

ಹೊಸ ತೊಟ್ಟಿಯ ಮೊದಲ ಗ್ಯಾಸಿನಲ್ಲಿ ಗಾಳಿ, ಇಂಗಾಲದ ಡೈಆಕ್ಸೈಡೇ ಹೆಚ್ಚು. ಅದನ್ನು ಹೊರಗೆ ಬಿಟ್ಟುಬಿಡಿ, ಕಡ್ಡಿ ಗೀರಬೇಡಿ. ಗಾಳಿ ಬೆರೆತ ಮೀಥೇನ್ ಸ್ಫೋಟಿಸುತ್ತದೆ. ಓಡುತ್ತಿದ್ದ ತೊಟ್ಟಿ ಕೈಕೊಟ್ಟರೆ ಹೆಚ್ಚಿನ ಸಲ ಕಾರಣ ಅಜೀರ್ಣ: ಒಂದೇ ದಿನ ಮದುವೆಮನೆಯ ಅನ್ನವೆಲ್ಲ ಸುರಿದಿರುತ್ತಾರೆ. ಆಮ್ಲ ಮಾಡುವವು ಚುರುಕು, ಮೀಥೇನ್ ಮಾಡುವವು ನಿಧಾನ. ಪಿಎಚ್ 6.5ರ ಕೆಳಗೆ ಜಾರಿ ಹುಳಿವಾಸನೆ ಬರುತ್ತದೆ. ಒಂದು ವಾರ ಏನೂ ಹಾಕಬೇಡಿ, ಚೆನ್ನಾಗಿ ನಡೆಯುವ ತೊಟ್ಟಿಯ ನಾಲ್ಕೈದು ಬಕೆಟ್ ಬಗ್ಗಡ ತಂದು ಸೇರಿಸಿ. ಆಮೇಲೆ ಸಗಣಿ ಒಂದಕ್ಕೆ ನೀರು ಒಂದರಂತೆ ಅರ್ಧ ಪ್ರಮಾಣದಲ್ಲಿ ಶುರುಮಾಡಿ. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ತೊಟ್ಟಿಯ ಪೂರ್ಣ ಪ್ರಮಾಣ ದಿನಕ್ಕೆ 50 ಕಿಲೋ ಸಗಣಿ.

ಹುಲ್ಲು ಮಣ್ಣಿಗೆ ಸೇರಿಸಿದ ಮೇಲೆ ಬೆಳೆ ಹಳದಿಯಾಯಿತು. ಸಾವಯವ ಹಾಕಿದ್ದೇ ತಪ್ಪಾಯಿತೇ?

ಹಾಕಿದ್ದು ತಪ್ಪಲ್ಲ, ಹಾಕಿದ ಸಮಯ ತಪ್ಪು. ಮಣ್ಣಿನ ಸೂಕ್ಷ್ಮಜೀವಿಯ ಮೈಯಲ್ಲಿ 8 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ. ಆ 8 ಕಟ್ಟಲು ಅದು ಸುಮಾರು 16 ಪಾಲು ಉರಿಸುತ್ತದೆ. ಒಟ್ಟು 24ಕ್ಕೆ ಒಂದು. ಭತ್ತದ ಹುಲ್ಲಿನಲ್ಲಿ ಈ ಅನುಪಾತ 70ಕ್ಕೆ ಒಂದರ ಆಸುಪಾಸು. ಒಂದು ಟನ್ ಹುಲ್ಲಿನಲ್ಲಿ ಇಂಗಾಲ 400 ಕಿಲೋ, ಸಾರಜನಕ 6 ಕಿಲೋಗಿಂತ ಕಡಿಮೆ. ಬೇಕಾದದ್ದು 16ರಿಂದ 17. ಕೊರತೆಯ 11 ಕಿಲೋವನ್ನು, ಅಂದರೆ 24 ಕಿಲೋ ಯೂರಿಯಾದಷ್ಟನ್ನು, ಬೆಳೆಯ ಬಾಯಿಂದ ಕಿತ್ತುಕೊಳ್ಳುತ್ತವೆ. ಹುಲ್ಲು ಒಮ್ಮೆಲೇ ಕೊಳೆಯದ ಕಾರಣ ನಿಜವಾದ ಕೊರತೆ ಇಷ್ಟಿರದು. ಬಿತ್ತನೆಗೆ 3–4 ವಾರ ಮೊದಲೇ ಸೇರಿಸಿ, ಜೊತೆಗೆ ಗ್ಲಿರಿಸಿಡಿಯಾ ಸೊಪ್ಪು ಅಥವಾ ಸಗಣಿ ಬಗ್ಗಡ ಕೊಡಿ. ಮರದ ಹೊಟ್ಟು ಮಾತ್ರ ಹಸಿಯಾಗಿ ಎಂದೂ ಬೇಡ.

ಶ್ರೀಗಂಧ, ಬಂದಳಿಕೆ, ಹುಳ ತಿನ್ನುವ ಗಿಡ: ಇವೆಲ್ಲ ಪರಪೋಷಕಗಳೇ?

ಒಂದೊಂದನ್ನೂ ಎರಡು ಪ್ರಶ್ನೆ ಕೇಳಿ. ಮಾವಿನ ಮೇಲಿನ ಬಂದಳಿಕೆಗೆ (ಕೆಲವೆಡೆ ಬದನಿಕೆ) ಹಸಿರೆಲೆಯಿದೆ. ಕದಿಯುವುದು ಮುಖ್ಯವಾಗಿ ನೀರು, ಲವಣ. ಬೇಲಿಯ ಮೇಲೆ ಹಳದಿ ನೂಲಿನಂತೆ ಹಬ್ಬುವ ಕಸ್ಕ್ಯೂಟಕ್ಕೆ ಎಲೆಯೂ ಇಲ್ಲ, ಬೆಳೆದ ಮೇಲೆ ಬೇರೂ ಇಲ್ಲ. ಶಕ್ತಿ, ಇಂಗಾಲ ಎರಡೂ ಆಸರೆ ಗಿಡದ್ದು. ಕರಾವಳಿಯ ಮುರಕಲ್ಲಿನ ಹಾಸಿನಲ್ಲಿ ಮಳೆಗಾಲಕ್ಕೆ ಕಾಣುವ ಡ್ರೊಸೆರಾ ಹುಳ ಹಿಡಿಯುವುದು ಮುಖ್ಯವಾಗಿ ಸಾರಜನಕ, ರಂಜಕಕ್ಕಾಗಿ. ಅದಕ್ಕೂ ಬಿಸಿಲು ಬೇಕೇ ಬೇಕು.

ಶ್ರೀಗಂಧ ಅರೆ ಪರಾವಲಂಬಿ. ಎಲೆಯಲ್ಲಿ ತಾನೇ ಸಕ್ಕರೆ ಮಾಡುತ್ತದೆ, ಬೇರಿನಿಂದ ನೆರೆಗಿಡದ ಬೇರಿಗೆ ಕಚ್ಚಿಕೊಂಡು ನೀರು, ಸಾರಜನಕ ಎಳೆಯುತ್ತದೆ. ಕುಂಡದಲ್ಲಿ ಹೊನಗೊನ್ನೆ, ಹೊಲದಲ್ಲಿ ಮೊದಲು ತೊಗರಿ, ಆಮೇಲೆ ಸರ್ವೆಯಂಥ ಬಹುಕಾಲದ ಆಸರೆ ಗಿಡ ಕೊಡುವುದು ಇದಕ್ಕೆ. ತೊಗರಿ ಒಂದೆರಡು ವರ್ಷಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಎರಡನೆಯ ಆಸರೆ ಬೇರೂರದಿದ್ದರೆ ಸಸಿ ಹಳದಿಗಟ್ಟಿ ನಿಲ್ಲುತ್ತದೆ. ಆಸರೆ ಗಿಡವನ್ನು ಸವರದೆ ಬಿಟ್ಟರೆ ಇನ್ನೊಂದು ತೊಂದರೆ: ನೀರು ಸಿಕ್ಕರೂ ನೆರಳಿನಲ್ಲಿ ಬೆಳಕು ಸಾಲದೆ ಶ್ರೀಗಂಧ ಇಂಗಾಲ ಹಿಡಿಯಲಾರದು.

ಅಣಬೆ? ಗಿಡವೇ ಅಲ್ಲ. ಮಳೆಗಾಲಕ್ಕೆ ಹುತ್ತದಲ್ಲಿ ಏಳುವ ಅಣಬೆ, ಗೆದ್ದಲು ತಂದುಹಾಕಿದ ಒಣಕಡ್ಡಿಯಿಂದಲೇ ಎರಡನ್ನೂ ಪಡೆಯುತ್ತದೆ.

ನಾಲ್ಕೂ ಮನೆಯವರನ್ನು ಒಂದೇ ಕಡೆ ನೋಡಬಹುದೇ?

ಎರಡು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ. ವಿನೊಗ್ರಾಡ್‌ಸ್ಕಿ ಹೆಸರಿನ ಸ್ತಂಭ ಇದು. ಕೆರೆಯಂಚಿನ ಕಪ್ಪು ಕೆಸರು ಒಂದೂವರೆ ಕಿಲೋ ತನ್ನಿ. ಕೆಂಪು ಹೊಲದ ಮಣ್ಣು ಆಗದು. ಕಲ್ಲು, ಬೇರು ತೆಗೆದು, ಮೂರನೇ ಒಂದು ಪಾಲಿಗೆ ಹರಿದ ವೃತ್ತಪತ್ರಿಕೆಯ ಅರ್ಧ ಹಾಳೆ, ಒಂದು ಚಮಚ ಜಿಪ್ಸಂ, ಪುಡಿಮಾಡಿದ ಒಂದು ಮೊಟ್ಟೆಚಿಪ್ಪು ಬೆರೆಸಿ ತಳಕ್ಕೆ ಹಾಕಿ. ಉಳಿದ ಕೆಸರನ್ನು ಗಾಳಿ ಸಿಕ್ಕಿಕೊಳ್ಳದಂತೆ ತಟ್ಟಿ ತಟ್ಟಿ ತುಂಬಿ, ಮೇಲೆ ಎರಡು ಬೆರಳು ಕೆರೆನೀರು ನಿಲ್ಲಿಸಿ. ಬಾಯಿಗೆ ತೆಳು ಪ್ಲಾಸ್ಟಿಕ್ ಕಟ್ಟಿ ಸೂಜಿಯಿಂದ ಒಂದು ತೂತು ಮಾಡಿ. ಬೆಳಕು ಬರುವ, ನೇರ ಬಿಸಿಲು ಬೀಳದ ಕಿಟಕಿಯಲ್ಲಿ 6ರಿಂದ 8 ವಾರ ಇಡಿ.

ಮೇಲೆ ಹಸಿರು ಪಾಚಿ, ಅದರ ಕೆಳಗೆ ತುಕ್ಕಿನ ಬಣ್ಣದ, ನೇರಳೆ ಬಣ್ಣದ ಮಚ್ಚೆಗಳು, ಇನ್ನೂ ಕೆಳಗೆ ಗಂಧಕದ ಹಸಿರು ಬ್ಯಾಕ್ಟೀರಿಯಾ, ತಳದಲ್ಲಿ ಕಪ್ಪು. ನೇರಳೆಯವು ಒಂದೇ ಜಾತಿಯಲ್ಲ: ಕೆಲವು ಇಂಗಾಲವನ್ನು ಇಂಗಾಲದ ಡೈಆಕ್ಸೈಡ್‌ನಿಂದ, ಕೆಲವು ಕೊಳೆತ ಕಾಗದದ ಆಮ್ಲಗಳಿಂದ ಪಡೆಯುತ್ತವೆ. ಸಲ್ಫೈಡ್ ಉರಿಸುವವು ಗಾಳಿ ಮತ್ತು ಕಪ್ಪು ಸಂಧಿಸುವ ತೆಳುಗೆರೆಯಲ್ಲಿರುತ್ತವೆ, ಬರಿಗಣ್ಣಿಗೆ ಬೇಗ ಕಾಣವು. ಮೀನುಸಾಕಣೆಯ ಅಂಗಡಿಯಲ್ಲಿ ಕೆಂಪು ದ್ರವವಾಗಿ ‘ಪಿಎಸ್‌ಬಿ’ (ದ್ಯುತಿಸಂಶ್ಲೇಷಕ ಬ್ಯಾಕ್ಟೀರಿಯಾ) ಎಂದು ಮಾರುವುದು ಈ ನೇರಳೆ ಬಳಗದ್ದೇ; ಗೊಬ್ಬರದಂಗಡಿಯ ‘ಪಿಎಸ್‌ಬಿ’ ರಂಜಕ ಕರಗಿಸುವ ಬೇರೆಯೇ ಬ್ಯಾಕ್ಟೀರಿಯಾ.

ಕಾಗದ ಹೆಚ್ಚಾದರೆ ಗ್ಯಾಸ್ ಕೆಸರನ್ನು ಸೀಳಿ ಮೇಲೆತ್ತುತ್ತದೆ. ಉದ್ದ ಕಡ್ಡಿಯಿಂದ ಮೆಲ್ಲಗೆ ಚುಚ್ಚಿ ಇಳಿಸಿ. ಒಂದು ತಿಂಗಳಾದರೂ ಬರಿ ಕಪ್ಪೇ ಇದ್ದರೆ ಬೆಳಕು ಸಾಲದು, ಕಿಟಕಿ ಬದಲಿಸಿ. ನೀರು ಆರಿದಂತೆ ಕೆರೆನೀರನ್ನೇ ಸೇರಿಸಿ, ಕ್ಲೋರಿನ್ ಹಾಕಿದ ನಲ್ಲಿನೀರು ಬೇಡ. ಕೊನೆಗೆ ಬಾಟಲಿ ಖಾಲಿಮಾಡುವಾಗ ಕೊಳೆತ ಮೊಟ್ಟೆಯ ವಾಸನೆ ಜೋರಾಗಿರುತ್ತದೆ, ಅದು ವಿಷಗಾಳಿಯೂ ಹೌದು. ಮನೆಯೊಳಗೆ ತೆರೆಯದೆ, ಬಯಲಿನಲ್ಲಿ ಗುಂಡಿ ತೆಗೆದು ಸುರಿದು ಮಣ್ಣು ಮುಚ್ಚಿ.